ಬುಧವಾರ ತಿಂಡಿ ತರಬಾರದು

ನಮ್ಮ ಅತ್ತಿಗೆ ಕಸ್ಟಮ್ಸ್ ಇಲಾಖೆಯಲ್ಲಿ ಇರಬೇಕಾಗಿದ್ದವರು, ದಾರಿ ತಪ್ಪಿ ಹಲಸೂರಿನ ಒಂದು ಸಣ್ಣ ಶಾಲೆಗೆ ಕನ್ನಡ ಟೀಚರಾಗಿ ಬಂದುಬಿಟ್ಟರು ಎಂದು ನಾನು ಎಷ್ಟೋ ಸಲ ಅವರ ಎದುರಿಗೇ ಹೇಳಿದ್ದೇನೆ. ಅವರಿಗೆ ಅದು ಬೈಗುಳ ಅನ್ನಿಸುತ್ತಲೇ ಇರಲಿಲ್ಲ. "ಅವ್ರು ಚಿನ್ನ ಹುಡುಕ್ತಾರೆ, ನಾನು ಸೊಪ್ಪು ಹುಡುಕ್ತೀನಿ, ಅಷ್ಟೇ ಕಣೋ," ಎನ್ನುತ್ತಿದ್ದರು. ಎನ್ನುತ್ತಿದ್ದರು ಎಂದು ಬರೆಯುವುದು ನನಗಿನ್ನೂ ಅಭ್ಯಾಸವಾಗಿಲ್ಲ. ಅತ್ತಿಗೆ ಹೋಗಿ ಇನ್ನೂ ವರ್ಷ ತುಂಬಿಲ್ಲ. ಆದರೂ ಅವರ ವಿಷಯ ಬರೆಯಲು ಕೂತರೆ ಮೊದಲು ಬರುವುದು ನಗುವೇ, ಏನು ಮಾಡಲಿ?

ಊಟದ ಡಬ್ಬಿ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬೆಳಗ್ಗೆ ಶಾಲೆಯ ಗೇಟಿನಲ್ಲಿ ನಿಂತು ಮಕ್ಕಳ ಡಬ್ಬಿಯ ಮುಚ್ಚಳ ತೆಗೆಸುವುದೇ ಅವರ ಪ್ರಾರ್ಥನೆ. ಬರೀ ಬಿಳಿ ಅನ್ನ ಕಂಡಿತೋ, ಸಂಜೆ ಆ ಮಗುವಿನ ತಾಯಿಗೆ ಫೋನು ಹೋಯಿತು ಎಂದೇ ಲೆಕ್ಕ. ಮಕ್ಕಳದ್ದಿರಲಿ, ನನ್ನ ಡಬ್ಬಿಯನ್ನಾದರೂ ಬಿಟ್ಟರೇ? ನಾನು ದೊಮ್ಮಲೂರಿನ ವಿಮಾ ಕಚೇರಿಯ ಗುಮಾಸ್ತ. ಸ್ಕೂಟರಿನಲ್ಲಿ ಅವರ ಶಾಲೆಯ ಮುಂದೆಯೇ ಹೋಗಬೇಕು. ಹಿಂದೆ ಬಸ್ಸು, ಆಟೋಗಳೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ರಸ್ತೆಯ ಪಕ್ಕಕ್ಕೆ ನಿಲ್ಲಿಸಿ ನನ್ನ ಡಬ್ಬಿ ಬಿಚ್ಚಿಸುತ್ತಿದ್ದರು. ಒಮ್ಮೆ ಒಂದೇ ವಾರದಲ್ಲಿ ಮೂರನೇ ಸಲ ಚಿತ್ರಾನ್ನ ಸಿಕ್ಕಿಬಿಟ್ಟಿತು. ಅಲ್ಲಿಂದಲೇ ನನ್ನ ಹೆಂಡತಿಗೆ ಫೋನು ಮಾಡಿ, ಇವನಿಗೆ ತರಕಾರಿ ಹಾಕುವುದಿಲ್ಲವೇನಮ್ಮ ಎಂದು ವಿಚಾರಿಸಿದರು. ಆ ವಾರವಿಡೀ ನನಗೆ ಕಚೇರಿಯ ಕ್ಯಾಂಟೀನೇ ಗತಿಯಾಯಿತು.

ಕೆ.ಆರ್. ಪುರದ ಛತ್ರವೊಂದರಲ್ಲಿ ನಮ್ಮ ನೆಂಟರ ಮದುವೆ. ಆರತಕ್ಷತೆಯ ಸಾಲು ಹೊರಗಿನ ರಸ್ತೆಯವರೆಗೆ ನಿಂತಿತ್ತು. ಅತ್ತಿಗೆ ವೇದಿಕೆ ಹತ್ತಿ, ಉಡುಗೊರೆ ಕೊಡುವುದು ಬಿಟ್ಟು ಮದುಮಗಳ ಮುಖ ನೋಡಿ, ಬೆಳಗ್ಗೆಯಿಂದ ಏನು ತಿಂದೆ ಎಂದು ಕೇಳಿದರು. ಆ ಹುಡುಗಿ ಏನೂ ಇಲ್ಲವೆಂದು ತಲೆಯಾಡಿಸಿದ್ದೇ ತಪ್ಪಾಯಿತು. ಕೆಳಗಿನಿಂದ ಮೊಸರನ್ನ ತರಿಸಿ, ಫೋಟೋ ತೆಗೆಯುವವನನ್ನು ಪಕ್ಕಕ್ಕೆ ಸರಿಸಿ, ಜರಿ ಸೀರೆಯ ಮೇಲೆ ಬೀಳದ ಹಾಗೆ ಕೈಯೊಡ್ಡಿಕೊಂಡು, ಒಂದೊಂದೇ ತುತ್ತು ತಿನ್ನಿಸಿದರು. ಇದೂ ಒಂದು ಶಾಸ್ತ್ರವಿರಬೇಕೆಂದು ಗಂಡಿನ ಕಡೆಯವರು ಕೈಕಟ್ಟಿಕೊಂಡು ನಿಂತಿದ್ದರು. ಆ ಮದುವೆಯ ವಿಡಿಯೋದಲ್ಲಿ ಇವತ್ತಿಗೂ ಮದುಮಗನಿಗಿಂತ ನಮ್ಮ ಅತ್ತಿಗೆಯೇ ಹೆಚ್ಚು ಹೊತ್ತು ಕಾಣಿಸುತ್ತಾರೆ!

ಇಂಥವರ ಕೈಗೆ ಶಾಲೆಯವರು ವೆಲ್‌ನೆಸ್ ಪಾಲಿಸಿ ಬರೆಯುವ ಕೆಲಸ ಕೊಟ್ಟರು. ಅಂಥದ್ದೊಂದು ಪ್ರತಿ ಶಾಲೆಯಲ್ಲೂ ಇರಬೇಕೆಂದು ಶಾಲೆಯ ಕಾರ್ಯದರ್ಶಿಗಳು ಎಲ್ಲೋ ಸಭೆಯಲ್ಲಿ ಕೇಳಿಕೊಂಡು ಬಂದಿದ್ದರಂತೆ. ಮಕ್ಕಳು ಏನು ತಿನ್ನಬೇಕು, ಎಷ್ಟು ಆಡಬೇಕು, ಯಾವಾಗ ನೀರು ಕುಡಿಯಬೇಕು ಎಂಬ ನಿಯಮಗಳನ್ನು ಬರೆದು ಗೋಡೆಗೆ ಹಾಕಿದರಾಯಿತು ಎಂಬುದು ಅವರ ಎಣಿಕೆ. ಅತ್ತಿಗೆ ನನಗೆ ಫೋನು ಮಾಡಿ, ಸ್ಕೂಲಿಗೆ ಒಂದು ಪಾಲಿಸಿ ಮಾಡಬೇಕು, ಸಂಜೆ ಬಾ ಎಂದರು. ವಿಮೆಯವನಿಗೆ ಪಾಲಿಸಿ ಎಂದರೆ ಇನ್ನೇನು ಅರ್ಥವಿದೆ ಹೇಳಿ? ಇಡೀ ಶಾಲೆಯ ವಿಮೆ ನನ್ನ ಕೈಗೆ ಬಂತೆಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವರ ಮನೆಗೆ ಹೋದೆ. ಅತ್ತಿಗೆ ಕ್ಯಾರೆಟ್, ಮೊಳಕೆಕಾಳು, ನೆಲಗಡಲೆ ಎಂದು ಶುರುಮಾಡಿದರು. ನಾನು ಪೆನ್ನು ತೆಗೆದು, ಅದೆಲ್ಲ ಆಮೇಲೆ, ಮೊದಲು ನಾಮಿನಿ ಯಾರು ಹೇಳಿ ಎಂದೆ.

"ಕ್ಯಾರೆಟ್ಟಿಗೆ ಯಾಕೋ ನಾಮಿನಿ?" ಎಂದರು ಅತ್ತಿಗೆ. ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದ ನಮ್ಮಣ್ಣ ನಕ್ಕ ರಭಸಕ್ಕೆ ಕಾಫಿ ನನ್ನ ಇಸ್ತ್ರಿ ಅಂಗಿಯ ಮೇಲೆ ಬಿತ್ತು.

ಪಾಲಿಸಿ ತಯಾರಾಯಿತು. ಅದರ ಮೊದಲ ನಿಯಮವೇ ಎಡವಟ್ಟಾಯಿತು. ಬೆಂಗಳೂರಿನಲ್ಲಿ ತಿಂಡಿ ಎಂದರೆ ಏನು? ಇಡ್ಲಿಯೂ ತಿಂಡಿ, ಉಪ್ಪಿಟ್ಟೂ ತಿಂಡಿ, ಡಬ್ಬಿಯಲ್ಲಿ ಹೋಗುವ ಪುಳಿಯೋಗರೆಯೂ ತಿಂಡಿ. ಅಂಗಡಿಯ ಬಾಗಿಲಲ್ಲಿ ಸರವಾಗಿ ನೇತಾಡುವ ಚಿಪ್ಸ್ ಪೊಟ್ಟಣವೂ ತಿಂಡಿಯೇ. ಅತ್ತಿಗೆಯ ಸಿಟ್ಟೆಲ್ಲ ಆ ಪೊಟ್ಟಣದ ಮೇಲೆ. ಕುರುಕಲು ತಿಂಡಿ ಎಂದು ಬರೆಯಬೇಕಿತ್ತು. ಎಲ್ಲರ ವ್ಯಾಕರಣ ತಿದ್ದುವ ಕನ್ನಡ ಟೀಚರು, ಅವಸರದಲ್ಲಿ ಕುರುಕಲನ್ನು ಬಿಟ್ಟು, 'ಬುಧವಾರದಿಂದ ಮಕ್ಕಳು ಶಾಲೆಗೆ ತಿಂಡಿ ತರುವಂತಿಲ್ಲ' ಎಂದು ಬರೆದು ಎಲ್ಲ ಪೋಷಕರ ವಾಟ್ಸಾಪಿಗೆ ಕಳಿಸಿಬಿಟ್ಟರು. ಬೇರೆ ಯಾರಾದರೂ ಕಳಿಸಿದ್ದರೆ ಜನ ತಿರುಗಿ ಕೇಳುತ್ತಿದ್ದರೋ ಏನೋ. ನಮ್ಮ ಅತ್ತಿಗೆಯ ಅಪ್ಪಣೆಯನ್ನು ಪ್ರಶ್ನಿಸುವ ಧೈರ್ಯ ಯಾವ ತಾಯಿಗಿತ್ತು?

ಬುಧವಾರ ಬೆಳಗ್ಗೆ ಗೇಟಿನಲ್ಲಿ ನಿಂತರೆ ಬಿಚ್ಚಿಸಲು ಒಂದು ಡಬ್ಬಿಯೂ ಇಲ್ಲ! ಅದು ಖಾಸಗಿ ಶಾಲೆ, ಆದರೆ ಹೆಸರಿಗೆ ಮಾತ್ರ. ಆಟೋ ಓಡಿಸುವವರ, ಇಂದಿರಾನಗರದ ಮನೆಗಳಲ್ಲಿ ಕೆಲಸ ಮಾಡುವವರ ಮಕ್ಕಳೇ ಹೆಚ್ಚು. ಸರ್ಕಾರಿ ಶಾಲೆಯ ಬಿಸಿಯೂಟ ಅಲ್ಲಿಗೆ ಬರುವುದಿಲ್ಲ. ಮಧ್ಯಾಹ್ನಕ್ಕೆ ಇಡೀ ಶಾಲೆ ಉಪವಾಸ. ಅತ್ತಿಗೆ ಯಾವತ್ತೂ ಹೆದರಿದವರಲ್ಲ, ಅವತ್ತು ಹೆದರಿದರು. ಶಿವಾಜಿನಗರದಲ್ಲಿ ಮದುವೆಗಳಿಗೆ ಪಾತ್ರೆ ಬಾಡಿಗೆಗೆ ಕೊಡುವ ಒಬ್ಬ ಹಿರಿಯರಿದ್ದರು. ಅವರ ಮೊಮ್ಮಗಳು ಇದೇ ಶಾಲೆಯಲ್ಲಿ ಓದುತ್ತಿದ್ದಳು. ಎಲ್ಲರಿಗೂ ಅವರು ಭಾಯಿ. ಅತ್ತಿಗೆ ಫೋನು ಮಾಡಿದ್ದೇ ತಡ, ಭಾಯಿ ಅಡುಗೆಯವರನ್ನೂ ದೇಗ್ ಎಂಬ ದೊಡ್ಡ ಪಾತ್ರೆಯನ್ನೂ ಟೆಂಪೋದಲ್ಲಿ ಹಾಕಿಕೊಂಡು ಬಂದು, ಶಾಲೆಯ ಅಂಗಳದಲ್ಲೇ ಒಲೆ ಹೂಡಿ ಕುಷ್ಕಾ ಇಳಿಸಿದರು. ಬಿರಿಯಾನಿಯಲ್ಲಿ ಮಾಂಸ ಬಿಟ್ಟರೆ ಉಳಿಯುವ ಅನ್ನ ಅದು. ಮಕ್ಕಳು ಜಗುಲಿಯ ಮೇಲೆ ಸಾಲಾಗಿ ಕೂತು ತಿಂದರು.

ಅವತ್ತು ಸಂಜೆ ನಾನು ನಗುವುದಕ್ಕೆಂದೇ ಅವರ ಮನೆಗೆ ಹೋಗಿದ್ದೆ. ಅತ್ತಿಗೆ ದೀಪ ಹಾಕದೆ ಕೂತಿದ್ದರು. ಮಧ್ಯಾಹ್ನ ಜಗುಲಿಯಲ್ಲಿ ಊಟ ಮಾಡುತ್ತಿದ್ದಾಗ ಒಂದು ಮಗು ಅವರ ಸೆರಗು ಹಿಡಿದು, "ಮಿಸ್, ನಾಳೆನೂ ತಿಂಡಿ ತರಬಾರ್ದಾ?" ಎಂದು ಕೇಳಿತಂತೆ. ತರಬಾರದೆಂದರೆ ಸಾಕು ಎಂಬಂತೆ ಕೇಳಿದ ಆ ರೀತಿಯಲ್ಲೇ ಅತ್ತಿಗೆಗೆ ಎಲ್ಲ ತಿಳಿಯಿತು. ಆ ಮಗು ದಿನವೂ ಡಬ್ಬಿ ಇಲ್ಲದೆ ಬರುತ್ತಿತ್ತು. ಗೇಟಿನಲ್ಲಿ ಕೇಳಿದರೆ ಅಜ್ಜಿ ಆಮೇಲೆ ತರುತ್ತಾರೆ ಎನ್ನುತ್ತಿತ್ತು. ಊಟದ ಗಂಟೆ ಹೊಡೆದಾಗ ನಲ್ಲಿಯ ಹತ್ತಿರ ಹೋಗಿ ನೀರು ಕುಡಿದು, ಗೋಡೆಯ ಆಚೆ ಬದಿಯಲ್ಲಿ ನಿಂತು, ಎಲ್ಲರೂ ಕೈತೊಳೆಯುವ ಹೊತ್ತಿಗೆ ತಾನೂ ಬಂದು ಕೈತೊಳೆಯುತ್ತಿತ್ತು. ಅಂಥದ್ದು ಒಂದೇ ಮಗುವೂ ಅಲ್ಲ.

"ಇಷ್ಟು ವರ್ಷ ಡಬ್ಬಿ ಇದ್ದೋರನ್ನ ಮಾತ್ರ ನೋಡಿದೀನಿ ಕಣೋ," ಎಂದರು ಅತ್ತಿಗೆ. "ಸೊಪ್ಪಿಲ್ಲ ಅಂತ ಬೈತಾ ನಿಂತಿದ್ದೆ. ಪಕ್ಕದಲ್ಲೇ ಆ ಮಗು ಹಸ್ಕೊಂಡು ಹೋಗ್ತಿತ್ತು."

ಯಾವ ಮಗು ಎಂದು ಕೇಳಿದೆ. ಹೇಳಲಿಲ್ಲ. ಎಷ್ಟನೇ ಕ್ಲಾಸು ಎಂದೆ. ಅದನ್ನೂ ಹೇಳಲಿಲ್ಲ. ಹುಡುಗನೋ ಹುಡುಗಿಯೋ ಎಂಬುದೂ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಕನ್ನಡದಲ್ಲಿ ಒಂದು ಸೌಕರ್ಯವಿದೆ, ಮಗು ಎಂದುಬಿಟ್ಟರೆ ಸಾಕು, ಮುಂದೆ ಬಂತು, ಹೋಯಿತು, ತಿಂದಿತು ಎಂದು ಎಷ್ಟು ದೂರ ಬೇಕಾದರೂ ಹೋಗಬಹುದು. ಅತ್ತಿಗೆ ಆ ಸೌಕರ್ಯವನ್ನು ಪೂರ್ತಿ ಬಳಸಿಕೊಂಡರು.

ಮಾರನೆಯ ದಿನ ಸುತ್ತೋಲೆ ತಿದ್ದಿ ಕಳಿಸಿ ಎಂದು ಕಾರ್ಯದರ್ಶಿಗಳು ಗದರಿದರು. ಅತ್ತಿಗೆ ತಿದ್ದಿದರು. 'ಕುರುಕಲು ತಿಂಡಿಯನ್ನು ಯಾವತ್ತೂ ತರಬಾರದು. ಬುಧವಾರ ಯಾವ ತಿಂಡಿಯನ್ನೂ ತರಬಾರದು.' ಇದೇನು ಎಂದು ಕಾರ್ಯದರ್ಶಿಗಳು ಕೇಳಿದಾಗ, ಪಾಲಿಸಿಯಲ್ಲಿದೆ ಸಾರ್ ಎಂದರಂತೆ. ಪಾಲಿಸಿಯನ್ನು ಪೂರ್ತಿ ಓದುವವರು ಲೋಕದಲ್ಲಿ ಯಾರೂ ಇಲ್ಲ ಎಂಬುದು ನಮ್ಮ ಇಲಾಖೆಯ ಅನುಭವ. ಕಾರ್ಯದರ್ಶಿಗಳೂ ಓದಿರಲಿಲ್ಲ.

ಹೀಗೆ ಬುಧವಾರದ ಊಟ ಶುರುವಾಯಿತು. ಅಕ್ಕಿಗೆ ಅತ್ತಿಗೆ ಒಂದು ಉಪಾಯ ಹೂಡಿದರು. ಗೇಟಿನಲ್ಲಿ ಒಂದು ಡ್ರಮ್ಮು, ಅದರ ಬಾಯಿಗೆ ಬಿಗಿಯಾಗಿ ಬಟ್ಟೆ, ಬಟ್ಟೆಗೊಂದು ತೂತು. ಪ್ರತಿ ಮಗುವೂ ಮುಷ್ಟಿ ಮುಚ್ಚಿಕೊಂಡು ಬಂದು, ಕೈಯನ್ನು ಒಳಗೆ ಇಳಿಬಿಟ್ಟು, ಬಿಚ್ಚಿ, ಹೊರಗೆ ತೆಗೆಯಬೇಕು. ಮುಷ್ಟಿಯಲ್ಲಿ ಅಕ್ಕಿ ಇತ್ತೋ, ಬೇಳೆ ಇತ್ತೋ, ಬರೀ ಗಾಳಿ ಇತ್ತೋ ಯಾರಿಗೆ ಗೊತ್ತು? ಕಡಿಮೆ ಬಿದ್ದದ್ದನ್ನು ಭಾಯಿ ತುಂಬಿಸುತ್ತಿದ್ದರು. ಆ ಬಟ್ಟೆ ಅಣ್ಣನ ಹೊಸ ರೇಷ್ಮೆ ಪಂಚೆ ಎಂಬುದು ಗೌರಿ ಹಬ್ಬದ ದಿನ ಬೀರು ತೆಗೆದಾಗ ಗೊತ್ತಾಯಿತು. ಹಳೆಯದು ಇರಲಿಲ್ಲವೇನೇ ಎಂದು ಅಣ್ಣ ಕೇಳಿದ. ಹಳೆಯದು ತೆಳುವಾಗಿದೆ, ಒಳಗಿನ ಕೈ ಕಾಣುತ್ತದೆ ಎಂದರು ಅತ್ತಿಗೆ. ಅಣ್ಣ ಆ ಸಲದ ಪೂಜೆಯನ್ನು ಲುಂಗಿಯಲ್ಲೇ ಮುಗಿಸಿದ.

ಭಾಯಿಯ ಪಾಡೂ ಸುಖದ್ದಲ್ಲ. ಕುಷ್ಕಾಕ್ಕೆ ಪಾಲಕ್ ಸೊಪ್ಪು ಹಾಕಿಸಬೇಕೆಂದು ಅತ್ತಿಗೆ ಹಟ ಹಿಡಿದಾಗ ಅವರು ಎರಡು ಬುಧವಾರ ಅತ್ತಿಗೆಯ ಜೊತೆ ಮಾತು ಬಿಟ್ಟು, ಮೊಮ್ಮಗಳ ಮೂಲಕ ವ್ಯವಹರಿಸಿದರು. ಮೂರನೆಯ ಬುಧವಾರ ಸೊಪ್ಪು ಬಿತ್ತು. ತಮ್ಮ ಅಂಗಡಿಯ ಹೆಸರು ಮಾತ್ರ ಎಲ್ಲೂ ಹೇಳಬೇಡಿ ಎಂದು ಬೇಡಿಕೊಂಡರು.

ಇದನ್ನೆಲ್ಲ ಇನ್ನೂ ಹೇಳುತ್ತಲೇ ಇರಬಹುದಿತ್ತು. ಹೋದ ಯುಗಾದಿಯಲ್ಲಿ ಅತ್ತಿಗೆ ಹೋಳಿಗೆಯ ಎರಡನೇ ತುತ್ತು ನುಂಗಲಾರದೆ ಎದ್ದು ಹೋದರು. ಅನ್ನನಾಳದಲ್ಲಿ ಗಡ್ಡೆ. ಡಾಕ್ಟರು ಹೇಳುವಾಗ ನಾನೂ ಅಣ್ಣನೂ ಪಕ್ಕದಲ್ಲಿದ್ದೆವು. ಊರಿಗೆಲ್ಲ ತಿನ್ನಿಸಿದವರಿಗೆ ಇದೇ ಬರಬೇಕಾಗಿತ್ತೇ? ಬೇರೆ ಯಾವುದಾದರೂ ಕಾಯಿಲೆ ಇರಲಿಲ್ಲವೇ? ಇವತ್ತಿಗೂ ನನಗೆ ಆ ಸಿಟ್ಟು ಹೋಗಿಲ್ಲ, ಯಾರ ಮೇಲೆ ಎಂದು ಗೊತ್ತಿಲ್ಲ.

ಮೂಗಿನಲ್ಲಿ ನಳಿಕೆ ಹಾಕಿದರು. ಅದರಲ್ಲಿ ನರ್ಸು ಡಬ್ಬದ ಪುಡಿ ಕಲಸಿದ ಹಾಲಿನಂಥದ್ದನ್ನು ಬಿಡುತ್ತಿದ್ದಳು. ಅತ್ತಿಗೆ ಡಬ್ಬ ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಅದರ ಮೇಲಿನ ಸಣ್ಣಕ್ಷರ ಓದಿದರು. "ಇಷ್ಟು ಸಕ್ಕರೆ ಇರೋದು ನಮ್ ಸ್ಕೂಲ್ ಗೇಟ್ ಒಳಗೇ ಬರ್ತಿರ್ಲಿಲ್ಲ," ಎಂದರು. ನರ್ಸು ನಕ್ಕಳು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತೆ.

ಅವರ ಚಿಂತೆ ಮಾತ್ರ ಬೇರೆಯೇ ಇತ್ತು. ಅವರು ರಜೆ ಹಾಕಿದ ಮೇಲೆ ಬುಧವಾರದ ಊಟ ನಿಂತಿತ್ತು. ಎಲ್ಲರಿಗೂ ಯಾಕೆ ಹಾಕಬೇಕು, ಇಲ್ಲದವರ ಹೆಸರು ಹೇಳಿ, ಅವರಿಗೆ ಬೇಕಾದರೆ ದಿನವೂ ಕೊಡೋಣ ಎಂಬುದು ಕಾರ್ಯದರ್ಶಿಗಳ ವಾದ. ಕೆಟ್ಟ ಮನುಷ್ಯರೇನಲ್ಲ ಅವರು. ಕೇಳಿದವರಿಗೆ ನ್ಯಾಯವೇ ಅನ್ನಿಸುತ್ತಿತ್ತು. ನನಗೂ ಅನ್ನಿಸಿತು, ಹಾಗೆಂದು ಆಸ್ಪತ್ರೆಯಲ್ಲಿ ಅತ್ತಿಗೆಗೆ ಹೇಳಿಯೂಬಿಟ್ಟೆ.

"ಹೆಸರು ಹೇಳಿದ ದಿನ ಆ ಮಗು ಊಟ ಬಿಡತ್ತೆ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಪಾಲಿಸಿಗೆ ನಾಮಿನಿ ಯಾರು ಅಂತ ಕೇಳಿದ್ಯಲ್ಲ ಅವತ್ತು. ಬರ್ಕೋ. ನೀನೇ."

ಜನ್ಮದಲ್ಲಿ ಎಷ್ಟು ಜನರ ನಾಮಿನಿಗಳ ಹೆಸರು ಬರೆದಿದ್ದೇನೋ. ಆ ಪದದ ಹಿಂದೆ ಏನಿರುತ್ತದೆ ಎಂದು ಅವತ್ತೇ ನನಗೆ ತಿಳಿದದ್ದು. ಭಾಯಿಯನ್ನು ಕರೆದುಕೊಂಡು ಕಾರ್ಯದರ್ಶಿಗಳ ಬಳಿ ಹೋದೆ. ನಾನು ಕಲಿತ ಮಾತೆಲ್ಲ ಆಡಿದೆ. ಅವರು ಮತ್ತೆ ಹೆಸರು ಹೇಳಿ ಎಂದರು. ಆಗ ಭಾಯಿ, "ಸಾಬ್, ನಮ್ ಕಡೆ ದಾವತ್‌ಗೆ ಬಂದೋರನ್ನ ನಿಮ್ಗೆ ಹಸಿವಿದ್ಯಾ ಅಂತ ಕೇಳಲ್ಲ. ಕೂತ್ಕೊಳ್ಳಿ ಅಂತೀವಿ," ಎಂದರು. ಕಾರ್ಯದರ್ಶಿಗಳು, ಬರುವ ಬುಧವಾರ ನಡೆಯಲಿ, ಹೇಗಿರುತ್ತದೆಂದು ನಾನೇ ನೋಡುತ್ತೇನೆ ಎಂದರು.

ಭಾನುವಾರ ಅತ್ತಿಗೆಗೆ ಹೇಳಿದೆ. ಅವರ ದನಿ ಆಗಲೇ ಇಂಗಿತ್ತು. "ಯಾರಿಗೆಲ್ಲ?" ಎಂದು ಕೇಳಿದರು. ಎಲ್ಲರಿಗೂ ಎಂದೆ. ನನ್ನ ಕೈಮೇಲೆ ಕೈಯಿಟ್ಟು ಕಣ್ಣುಮುಚ್ಚಿದರು. ಸೋಮವಾರ ಬೆಳಗ್ಗೆ ಹೋಗಿಬಿಟ್ಟರು.

ಸಾವಿನ ಮನೆಯವರು ಸೂತಕದಲ್ಲಿ ಇನ್ನೊಬ್ಬರಿಗೆ ಬಡಿಸುವ ಹಾಗಿಲ್ಲ. ಮಂಗಳವಾರವೆಲ್ಲ ನಾನು ಅದನ್ನೇ ಯೋಚಿಸುತ್ತಾ ಬಾಯಿ ಬಿಡಲಾರದೆ ಕೂತಿದ್ದೆ. ಬುಧವಾರ ಬೆಳಗ್ಗೆ ತಲೆ ಬೋಳಿಸಿಕೊಂಡಿದ್ದ ಅಣ್ಣನೇ ಬಂದು, "ಹೋಗು. ಕೇಳ್ದೋರಿಗೆ ನಾನು ಕಳಿಸ್ದೆ ಅನ್ನು," ಎಂದ.

ಟೆಂಪೋ ಬಂದಿತ್ತು. ಡಬ್ಬಿ ಯಾರೂ ತಂದಿರಲಿಲ್ಲ. ಕಾರ್ಯದರ್ಶಿಗಳು ಜಗುಲಿಯ ಕೊನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಕ್ಕಳಿಗೆ ಮಿಸ್ ಹೋದ ಸುದ್ದಿ ಗೊತ್ತಿತ್ತು, ಮೊದಮೊದಲು ಪಿಸುಗುಟ್ಟುತ್ತಾ ಕೂತಿದ್ದರು. ಕುಷ್ಕಾ ತಟ್ಟೆಗೆ ಬಿದ್ದ ಮೇಲೆ ಮಕ್ಕಳು ಮಕ್ಕಳೇ. ಮೊಣಕೈಯಿಂದ ತಿವಿದುಕೊಂಡು, ಸೊಪ್ಪನ್ನು ತಟ್ಟೆಯ ಅಂಚಿಗೆ ಸರಿಸಿ, ಭಾಯಿ ನೋಡಿದ ಕೂಡಲೇ ಮತ್ತೆ ಒಳಗೆ ಎಳೆದುಕೊಂಡು, ಗಲಾಟೆ ಮಾಡುತ್ತಾ ತಿನ್ನತೊಡಗಿದರು. ನಾನು ಸೌಟು ಹಿಡಿದು ಬಗ್ಗಿ ಬಗ್ಗಿ ಬಡಿಸುತ್ತಾ ಒಂದೊಂದು ಮುಖವನ್ನೂ ನೋಡಿದೆ. ಆ ಮಗು ಯಾವುದು? ಅವಸರದಲ್ಲಿ ತಿನ್ನುತ್ತಿರುವ ಇದೇ? ಎಲ್ಲವೂ ಅವಸರದಲ್ಲೇ ತಿನ್ನುತ್ತಿದ್ದವು. ಇನ್ನೂ ಹಾಕಿ ಅಂಕಲ್ ಎಂದದ್ದೇ? ಎಲ್ಲವೂ ಹಾಗೇ ಎಂದವು. ಸಾಲಿನ ಕೊನೆಯವರೆಗೆ ಹೋಗಿ, ಮತ್ತೆ ಮೊದಲಿನಿಂದ ನೋಡುತ್ತಾ ಬಂದೆ. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಇನ್ನೊಂದು ಸಲ ನೋಡಿದೆ.

ಗೊತ್ತಾಗಲಿಲ್ಲ ಅತ್ತಿಗೆ. ಒಂದನ್ನೂ ಗುರುತು ಹಿಡಿಯಲು ಆಗಲಿಲ್ಲ.