ಇನ್ನೂರ ಹದಿನಾಲ್ಕನೇ ಗೂಟದ ಕಿವಿಗೆ

ಮಾನ್ಯರೇ,

ಏಳನೇ ಸಾಲಿನ ಇನ್ನೂರ ಹದಿನಾಲ್ಕನೇ ಗೂಟದ ಬಳಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಕುಳಿತು ಪಾತಾಳದ ಕ್ಷೇಮಸಮಾಚಾರ ವಿಚಾರಿಸುತ್ತಿರುವ ಜಿಯೋಫೋನ್ ಮಹಾಶಯರಾದ ತಮಗೆ, ದಿನಾ ಬೆಳಿಗ್ಗೆ ತಮ್ಮನ್ನು ಒತ್ತಿ ನೆಲದಲ್ಲಿ ನೆಡುವವಳ ನಮಸ್ಕಾರಗಳು. ಒತ್ತುವಾಗ ನೋವಾಗಿದ್ದರೆ ಕ್ಷಮಿಸಬೇಕು. ಸಡಿಲವಾಗಿ ನೆಟ್ಟರೆ ತಮಗೆ ಕಿವಿ ಕೇಳುವುದಿಲ್ಲವೆಂದು ಹೇಳಿಕೊಟ್ಟಿದ್ದಾರೆ.

ತಮ್ಮ ಕಿವಿಯನ್ನು ಎಷ್ಟು ಹೊಗಳಿದರೂ ಸಾಲದು. ದೂರದಲ್ಲಿ ದೊಡ್ಡ ಲಾರಿ ನಿಂತು ನೆಲವನ್ನು ಅದುರಿಸುತ್ತದೆ, ಆ ನಡುಕ ಎರಡು ಮೈಲಿ ಕೆಳಗಿಳಿದು ಕಲ್ಲಿಗೆ ಬಡಿದು ಮೇಲೆ ಬರುತ್ತದೆ, ತಾವು ಅದನ್ನು ಕೇಳಿಸಿಕೊಂಡು ತಂತಿಯಲ್ಲಿ ಕಳಿಸುತ್ತೀರಿ. ಬಂದ ಹೊತ್ತು, ಬಂದ ಜೋರು ನೋಡಿ ಇದು ಮರಳುಗಲ್ಲು, ಇದು ಸುಣ್ಣಕಲ್ಲು, ಇಲ್ಲಿ ಗ್ಯಾಸ್ ಅಡಗಿದೆ ಎಂದು ಕಂಪ್ಯೂಟರಿನ ಮುಂದೆ ಕುಳಿತವರು ಬಣ್ಣ ತುಂಬುತ್ತಾರೆ. ಇಷ್ಟು ದೊಡ್ಡ ಕೆಲಸವಿರುವ ತಾವು, ಹತ್ತು ಹೆಜ್ಜೆ ಆಚೆ ನಿಂತಿದ್ದ ನನ್ನಂಥವಳ ಕಡೆಗೂ ಗಮನ ಕೊಟ್ಟಿರಲ್ಲ, ಆ ದೊಡ್ಡ ಗುಣದ ಬಗ್ಗೆಯೇ ಈ ದೂರು.

ಕೆಲಸ ಕಾಯಂ ಆಗಲಿರುವ ಆರು ಜನರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಆದರೆ ಸಾಹೇಬರ ಮುಂದೆ ನಿಂತು ಬಾಯಿಬಿಟ್ಟು ಕೇಳಬೇಕೆಂದು ಮೇಸ್ತ್ರಿ ಹೇಳಿದರು. "ಸಾರ್, ಮೂರು ವರ್ಷ ಆಯ್ತು, ನನ್ನನ್ನು ಕಾಯಂ ಮಾಡಿ" ಎಂಬ ಒಂದೇ ಮಾತನ್ನು ನಾನು ಮೂರು ವಾರ ತಮ್ಮ ಸನ್ನಿಧಿಯಲ್ಲಿ ಮನಸ್ಸಿನಲ್ಲೇ ಉರು ಹೊಡೆದೆ. ತಪ್ಪಿದಾಗಲೆಲ್ಲ ಹಿಮ್ಮಡಿಯಿಂದ ನೆಲ ಕುಟ್ಟುವುದು ನನ್ನ ಅಭ್ಯಾಸ. ಲಾರಿ ಅದುರಿಸುವಾಗ ಮಿಸುಕಬಾರದೆಂಬ ನಿಯಮ ನನಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ತಾವು ಒಂದು ಕುಟ್ಟನ್ನೂ ಬಿಡದೆ ವರದಿ ಮಾಡಿದಿರಿ. ಸಾಹೇಬರು ನನ್ನನ್ನು ಕರೆಸಿ, ಪರದೆಯ ಮೇಲೆ ಕಲ್ಲುಗಳ ಗೆರೆಯ ನಡುವೆ ಮೂಡಿದ್ದ ನನ್ನ ಹಿಮ್ಮಡಿಯನ್ನು ತೋರಿಸಿ, "ಗಲಾಟೆ ಮಾಡೋರು ನಮಗೆ ಬೇಡಮ್ಮ. ಸೋಮವಾರ ಬಂದು ಕಾರಣ ಹೇಳು, ಇಲ್ಲಾಂದ್ರೆ ಪಟ್ಟಿಯಿಂದ ಹೆಸರು ತೆಗೀತೀನಿ" ಎಂದರು. ಮನೆಯಲ್ಲಿ ಹೇಳಿದರೆ ಅಕ್ಕ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇವಳು ಗಲಾಟೆ ಮಾಡಿದ್ಲಂತೆ ಕಣಮ್ಮ. ಬಸ್ಸಲ್ಲಿ ಇಳೀಬೇಕು ಅನ್ನೋಕೂ ನಾಚ್ಕೊಂಡು ಎರಡು ಸ್ಟಾಪ್ ಮುಂದೆ ಹೋಗಿ ನಡ್ಕೊಂಡು ಬರೋಳು." ಅಮ್ಮ ಮಾತ್ರ ನಗಲಿಲ್ಲ. "ಹೋಗ್ಲಿ ಬಿಡೆ, ಒಬ್ರಿಗಾದ್ರೂ ಕೇಳಿಸ್ತಲ್ಲ" ಎಂದಳು.

ಆದ್ದರಿಂದ ತಾವು ದಯಮಾಡಿ ಸೋಮವಾರ ನನ್ನೊಡನೆ ಸಾಹೇಬರ ಕೋಣೆಗೆ ಬಂದು, ಮೇಜಿನ ಪಕ್ಕದ ಸಿಮೆಂಟ್ ನೆಲದಲ್ಲಿ ತಾವಾಗಿಯೇ ನೆಟ್ಟುಕೊಳ್ಳಬೇಕು. ನಾನು ಎಂದಿನಂತೆ ಬಾಯಿ ಮುಚ್ಚಿ ನಿಲ್ಲುತ್ತೇನೆ. ತಾವು ನನ್ನ ಮಾತನ್ನು ಗೆರೆಯಾಗಿ ಅಲ್ಲ, ಅಕ್ಷರವಾಗಿ ಪರದೆಗೆ ಕಳಿಸಬೇಕು. ಮರಳುಗಲ್ಲಿಗೆ ಹಳದಿ, ಸುಣ್ಣಕಲ್ಲಿಗೆ ನೀಲಿ ಕೊಟ್ಟವರು ನನ್ನ ಅರ್ಜಿಗೂ ಒಂದು ಬಣ್ಣ ಕೊಟ್ಟಾರು. ಅದಾಗದಿದ್ದರೆ, ಸಾಹೇಬರ ಎದೆಯಲ್ಲಿ ಯಾವ ಬಗೆಯ ಕಲ್ಲಿದೆಯೆಂದಾದರೂ ಮುಂಚೆಯೇ ತಿಳಿಸಿದರೆ, ಎಷ್ಟು ಜೋರಾಗಿ ಕೇಳಬೇಕೆಂಬ ಅಂದಾಜು ಸಿಗುತ್ತದೆ.

ಇನ್ನು ಮುಂದೆ ಇಪ್ಪತ್ತು ಹೆಜ್ಜೆ ದೂರ ನಿಲ್ಲಲಿರುವ,
ತಮ್ಮ ವಿಶ್ವಾಸಿ

ಮರೆತ ಮಾತು: ಹೋದ ವರ್ಷ ತಮ್ಮ ಬಳಗದವರೆಲ್ಲ ಒಕ್ಕೊರಲಿನಿಂದ ಗ್ಯಾಸ್ ಇದೆ ಎಂದ ಜಾಗದಲ್ಲಿ ಬಾವಿ ಕೊರೆದಾಗ ಬಂದದ್ದು ಗುಳ್ಳೆ ಏಳುವ ಉಪ್ಪುನೀರು. ತುಸುವೇ ಗ್ಯಾಸ್ ಕಲೆತ ನೀರೂ ಪರದೆಯ ಮೇಲೆ ತುಂಬು ಗ್ಯಾಸಿನ ಹಾಗೆ ಕಾಣುತ್ತದಂತೆ. ತಮ್ಮನ್ನು ಯಾರೂ ಕರೆಸಿ ಕಾರಣ ಕೇಳಲಿಲ್ಲ. ಕಿವಿ ಸರಿಯಾಗಿತ್ತು, ತಪ್ಪು ನೆಲದ್ದು ಎಂದು ವರದಿ ಬರೆದರು. ಪಾಪ, ಆ ನೆಲವೂ ಹಂಗಾಮಿಯೇ ಇರಬೇಕು.