ವಿಮಲಾ ಮೇಡಂ ಲ್ಯಾಪ್‌ಟಾಪಿನ ಬೆಲೆ ಇಳಿದ ಪ್ರಸಂಗ

ಜಯನಗರದ ‘ಸುಲಾಭ ಎಲೆಕ್ಟ್ರಾನಿಕ್ಸ್’ನಲ್ಲಿ ಕೊಂಡ ವಸ್ತುವಿನ ಬೆಲೆ ಹದಿನೈದು ದಿನದೊಳಗೆ ಇಳಿದಲ್ಲಿ, ವ್ಯತ್ಯಾಸದ ಹಣವನ್ನು ಗ್ರಾಹಕರಿಗೆ ಸಂತೋಷದಿಂದ ಹಿಂದಿರುಗಿಸಲಾಗುತ್ತದೆ. ಸಂತೋಷದ ವಿಷಯ ಬಿಲ್ಲಿನ ಹಿಂಬದಿಯಲ್ಲೇ ಅಚ್ಚಾಗಿರುವುದರಿಂದ ಅದರ ಬಗ್ಗೆ ಯಾರೂ ಅನುಮಾನ ಪಡಬೇಕಾಗಿಲ್ಲ.

ವಿಮಲಾ ಮೇಡಂ ಕೂಡ ಪಡಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಹತ್ತನೇ ಕ್ಲಾಸಿನ ಹನ್ನೊಂದು ಮಕ್ಕಳಿಗೆ ಮನೆಯಿಂದಲೇ ಆನ್‌ಲೈನ್ ಪಾಠ ಹೇಳುತ್ತಿದ್ದರು. ಅದಕ್ಕೆಂದೇ ಅರವತ್ತು ಸಾವಿರ ಕೊಟ್ಟು ಲ್ಯಾಪ್‌ಟಾಪ್ ತಂದರು. ಆರನೇ ದಿನ ಪೇಪರ್ ಬಿಡಿಸಿದರೆ, ಅದೇ ಅಂಗಡಿ, ಅದೇ ಲ್ಯಾಪ್‌ಟಾಪು, ಐವತ್ತೊಂದು ಸಾವಿರ! ಬರಬೇಕಾದದ್ದು ಒಂಬತ್ತು ಸಾವಿರ. ಬಿಲ್ಲು, ಪೇಪರು ಹಿಡಿದು ಹೊರಟೇಬಿಟ್ಟರು.

ಕೌಂಟರಿನಲ್ಲಿದ್ದ ಲಿಖಿತಾ ಎಂಬ ಹುಡುಗಿ ಎರಡನ್ನೂ ಓದಿ ಬಹಳ ವಿನಯದಿಂದ ಹೇಳಿದಳು:

“ಮೇಡಂ, ನಿಮ್ ಲ್ಯಾಪ್‌ಟಾಪ್ ಬೆಲೆ ಇಳಿದಿಲ್ಲ.”

“ಪೇಪರಲ್ಲೇ ಹಾಕಿದೀರಲ್ಲಮ್ಮ?”

“ಅದು ಅಂಗಡೀಲಿರೋ ಲ್ಯಾಪ್‌ಟಾಪ್‌ದು. ನಿಮ್ದು ಮನೇಲಿದೆ. ಮಾರಿ ಹೋಗಿರೋದಕ್ಕೆ ಬೆಲೆನೇ ಇರಲ್ಲ ಮೇಡಂ. ಇಲ್ದೇ ಇರೋದು ಹೇಗ್ ಇಳಿಯತ್ತೆ?”

ಇಂಥ ಪ್ರಮೇಯವನ್ನು ವಿಮಲಾ ಮೇಡಂ ಯಾವ ಪಠ್ಯಪುಸ್ತಕದಲ್ಲೂ ಕಂಡಿರಲಿಲ್ಲ. ಮ್ಯಾನೇಜರ್ ಸೋಮನಾಥ್ ಬಂದು ಬಿಡಿಸಿ ಹೇಳಿದರು. ಬೆಲೆ ಇಳಿಯಬೇಕಾದರೆ ವಸ್ತು ದಾಸ್ತಾನಿನಲ್ಲಿರಬೇಕು. ಮೇಡಂ ತಮ್ಮ ಲ್ಯಾಪ್‌ಟಾಪನ್ನು ತಂದು ದಾಸ್ತಾನಿಗೆ ಸೇರಿಸಿದರೆ ಮಿಕ್ಕವುಗಳ ಜೊತೆ ಅದರ ಬೆಲೆಯೂ ಇಳಿಯುತ್ತದೆ. ಆಮೇಲೆ ಅರ್ಜಿ ಹಾಕಬಹುದು.

“ಎಷ್ಟು ದಿನ ಆಗುತ್ತೆ?”

“ಬೆಲೆ ಇಳಿಯೋಕೆ ಒಂದು ದಿನ ಸಾಕು ಮೇಡಂ. ಇಳಿದಿದೆ ಅಂತ ಹೆಡ್ ಆಫೀಸು ಒಪ್ಪೋಕೆ ಮೂರು ವಾರ.”

ಮರುದಿನ ಗಂಡ ವೆಂಕಟಾಚಲ ಅವರ ಜೊತೆ ಆಟೋ ಹತ್ತಿ, ಲ್ಯಾಪ್‌ಟಾಪನ್ನು ಡಬ್ಬದ ಸಮೇತ ತಂದೊಪ್ಪಿಸಿದರು. ಅರ್ಜಿಯಲ್ಲಿ ಹದಿನೇಳು ಕಲಂಗಳಿದ್ದವು. ಒಂಬತ್ತನೆಯದು: ‘ಬೆಲೆ ಇಳಿದ ಸುದ್ದಿಯಿಂದ ಅರ್ಜಿದಾರರಿಗೆ ಉಂಟಾದ ಬೇಸರದ ಪ್ರಮಾಣ — ಅಲ್ಪ, ಸಾಧಾರಣ, ತೀವ್ರ.’

“ತೀವ್ರ ಅಂತ್ಲೇ ಬರಿ, ಯಾಕೆ ಸುಮ್ನೆ,” ಎಂದರು ವೆಂಕಟಾಚಲ.

“ತೀವ್ರ ಆದ್ರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು ಸಾರ್,” ಎಂದಳು ಲಿಖಿತಾ.

ಸಾಧಾರಣ ಎಂದು ಬರೆದರು.

ಮೂರು ವಾರ ಫೋನಿನಲ್ಲೇ ಪಾಠ ನಡೆಯಿತು. ಅಂಗೈಯಗಲದ ಪರದೆಯಲ್ಲಿ ತ್ರಿಭುಜಗಳು ಎಳ್ಳುಕಾಳಿನಷ್ಟಾದವು. ಒಬ್ಬೊಬ್ಬರಾಗಿ ನಾಲ್ಕು ಮಕ್ಕಳು ಬಿಟ್ಟರು. ಕೊನೆಗೆ ಬಿಟ್ಟವಳು ಇಂಚರ, ಇಡೀ ಗುಂಪಿಗೇ ಜಾಣೆ. “ಏನೂ ಕಾಣ್ಸಲ್ಲ ಮಿಸ್, ಎಗ್ಸಾಂ ಹತ್ರ ಬಂತು. ಸಾರಿ ಮಿಸ್,” ಎಂದು ಫೋನಿಟ್ಟಳು. ವಿಮಲಾ ಮೇಡಂ ಆ ಸಂಜೆ ಊಟ ಮಾಡಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಕ್ಲಾಸು ಬಿಟ್ಟು ಯಾವ ಮಗುವೂ ಎದ್ದು ಹೋಗಿರಲಿಲ್ಲ.

ಅರ್ಜಿ ಕೊಟ್ಟ ಇಪ್ಪತ್ಮೂರನೇ ದಿನ ಅಂಗಡಿಯಿಂದ ಕರೆ ಬಂತು. ಸೋಮನಾಥ್ ಕೈಮುಗಿದು ಎದುರುಗೊಂಡರು.

“ಕಂಗ್ರಾಜುಲೇಷನ್ಸ್ ಮೇಡಂ. ಒಂಬತ್ತು ಸಾವಿರ ಸ್ಯಾಂಕ್ಷನ್ ಆಗಿದೆ. ಆದ್ರೆ ಈ ಮಧ್ಯೆ ಆಫರ್ ಮುಗೀತು. ಇವತ್ತಿನ ಬೆಲೆ ಅರವತ್ನಾಲ್ಕು ಸಾವಿರ. ಇಳಿದಾಗ ನಾವು ಕೊಡ್ತೀವಿ, ಏರಿದಾಗ ನೀವು ಕೊಡ್ಬೇಕು. ಐವತ್ತೊಂದರಿಂದ ಅರವತ್ನಾಲ್ಕಕ್ಕೆ ಹದಿಮೂರು ಏರಿದೆ. ಅದರಲ್ಲಿ ಒಂಬತ್ತು ಕಳೀರಿ. ನಾಲ್ಕು ಸಾವಿರ ಕಟ್ಟಿದ್ರೆ ಆಯ್ತು.”

ವಿಮಲಾ ಮೇಡಂ ಮನಸ್ಸಿನಲ್ಲೇ ಎರಡು ಸಲ ಕಳೆದು ನೋಡಿದರು. ಕಳೆಯುವುದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಮೈಯೆಲ್ಲ ಉರಿಯಿತು.

“ಒಂದು ಪೈಸಾ ಕಟ್ಟಲ್ಲ. ನನ್ ಲ್ಯಾಪ್‌ಟಾಪ್ ನನಗೆ ಕೊಡಿ!”

“ದಾಸ್ತಾನಲ್ಲಿದೆ ಮೇಡಂ. ಪೂರ್ತಿ ಬೆಲೆ ಕಟ್ಟದೆ ಆಚೆ ಬರಲ್ಲ.”

ಹಿಂದೆ ಕ್ಯೂ ಉದ್ದವಾಗುತ್ತಿತ್ತು. ಸಾರಕ್ಕಿಯಿಂದ ಬಂದಿದ್ದ ಶಾಂತವೀರಪ್ಪ ಎಂಬ ಹಿರಿಯರು ಸಮಾಧಾನ ಹೇಳಿದರು: “ಕಟ್ಬಿಡಿ ಮೇಡಂ. ನನ್ ಫ್ರಿಜ್ಜು ಎರಡು ತಿಂಗಳಿಂದ ಇಲ್ಲೇ ಇದೆ, ನಾನೇನಾದ್ರೂ ಕೂಗಾಡ್ತಿದೀನಾ? ಪಾಪ, ಅವರಾದ್ರೂ ಏನ್ ಮಾಡ್ತಾರೆ, ರೂಲ್ಸು.” ಕ್ಯೂನಲ್ಲಿದ್ದವರೆಲ್ಲ ತಲೆಯಾಡಿಸಿದರು. ಯಾರೋ ಲೇಟಾಗ್ತಿದೆ ಎಂದು ಗೊಣಗಿದರು.

ಉಳಿದ ಏಳು ಮಕ್ಕಳ ಮುಖ ಕಣ್ಣಮುಂದೆ ಬಂತು. ವಿಮಲಾ ಮೇಡಂ ಕಾರ್ಡ್ ತೆಗೆದರು.

ಹಣ ಸಂದಾಯವಾದ ಕೂಡಲೇ ಲಿಖಿತಾ ಲ್ಯಾಪ್‌ಟಾಪಿನ ಡಬ್ಬವನ್ನು ಕೌಂಟರಿನ ಮೇಲಿಟ್ಟು, ಬಾಗಿಲೆತ್ತರದ ಥರ್ಮಾಕೋಲ್ ಚೆಕ್ಕೊಂದನ್ನು ತಂದು ಅವರ ಕೈಗೆ ಕೊಟ್ಟಳು. ಅದರ ಮೇಲೆ ‘ರೂ. ೯,೦೦೦ ಮಾತ್ರ’ ಎಂದು ಬರೆದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ಆದ ಮೇಲೆ ಚೆಕ್ಕನ್ನು ಮುಂದಿನವರಿಗೆ ದಾಟಿಸಬೇಕೆಂದು ಸೂಚಿಸಲಾಯಿತು. ದಾಟಿಸಿದರು.

ಅವರು ಮನೆ ಮುಟ್ಟುವ ಮೊದಲೇ ಆ ಫೋಟೋ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಬಂದಿತ್ತು. ಮೂವತ್ನಾಲ್ಕು ಮಂದಿ ಅಭಿನಂದಿಸಿದರು. ಹೋರಾಟ ಅಂದರೆ ಹೀಗಿರಬೇಕು ಎಂದು ಹೆಡ್ ಮಾಸ್ಟರಾಗಿದ್ದವರೊಬ್ಬರು ಬರೆದರು. ತಾನೂ ಅಲ್ಲೇ ವಾಷಿಂಗ್ ಮಷೀನ್ ಕೊಂಡಿದ್ದೇನೆ, ಏನು ಮಾಡಬೇಕು ಎಂದು ಸಂಗೀತಾ ಮೇಡಂ ಕೇಳಿದರು.

ವಿಮಲಾ ಮೇಡಂ ಚೆಕ್ಕು ಹಿಡಿದ ತಮ್ಮ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಆಮೇಲೆ ಟೈಪ್ ಮಾಡಿದರು: “ಬೆಳಗ್ಗೆ ಹತ್ತರೊಳಗೆ ಹೋಗಿ. ಒಳ್ಳೇ ಸೀರೆ ಉಟ್ಕೊಂಡ್ ಹೋಗಿ, ಫೋಟೋ ತೆಗೀತಾರೆ.”