ಕುರ್ಚಿ ಖಾಲಿ ಬಿಡದ ಕ್ರಿಸ್‌ಮಸ್

ಅದು ೨೦೨೩ನೆಯ ಇಸವಿ. ನನಗಾಗ ಐವತ್ತನಾಲ್ಕು ವರ್ಷ. ಅಷ್ಟು ವಯಸ್ಸಾದ ಮೇಲೆ ಮನುಷ್ಯನನ್ನು ಯಾವುದೂ ಸುಲಭವಾಗಿ ಬೆಚ್ಚಿಬೀಳಿಸಲಾರದೆಂದು ನಂಬಿದ್ದೆ. ಕನ್ನಡ ಶಾಲೆಯಲ್ಲಿ ವ್ಯಾಕರಣ ಕಲಿಸಿ, ಸ್ವಯಂನಿವೃತ್ತಿ ಪಡೆದು, ಮುಂಬಯಿ ಪಕ್ಕದ ಡೊಂಬಿವಲಿಯ ಮನೆಯಲ್ಲಿ ಕ್ರಮಬದ್ಧವಾಗಿ ಬದುಕುತ್ತಿದ್ದವನಿಗೆ ಆ ನಂಬಿಕೆ ಸಹಜವೇ. ಕ್ರಿಸ್‌ಮಸ್ ರಜೆಗೆ ಉಡುಪಿಗೆ ಹೋಗಲು ಟಿಕೆಟು ಸಿಗಲಿಲ್ಲ. ಆಗ ಹೆಂಡತಿಯ ತಮ್ಮ ರಾಘವ ಸಾನಪಾಡಾದಿಂದ ಫೋನು ಮಾಡಿ, "ಊರಿಗೆ ಎಂತಕ್ಕೆ ಭಾವ? ಇಲ್ಲೇ ಬನ್ನಿ, ಎಲ್ಲ ಒಟ್ಟಿಗೆ ಇರುವ" ಎಂದ. ಅವನು ಸಸ್ಯಾಹಾರಿ ಹೋಟೆಲು ತೆರೆದು ಇನ್ನೂ ವರ್ಷ ತುಂಬಿರಲಿಲ್ಲವೆಂಬುದನ್ನು ನಾನು ಆಗಲೇ ಆಲೋಚಿಸಬೇಕಿತ್ತು.

ಕ್ರಿಸ್‌ಮಸ್ ಬೆಳಿಗ್ಗೆ ಹಲ್ವದ ಡಬ್ಬಿ ಹಿಡಿದು, ಥಾಣೆಯಲ್ಲಿ ಗಾಡಿ ಬದಲಿಸಿ ಹೋದೆವು. ಮನೆಗೆ ಬೀಗ. ಹೋಟೆಲಿಗೆ ನಡೆದರೆ ರಾಘವನ ಹೆಂಡತಿ ಚಟ್ನಿ ಬಡಿಸುತ್ತಿದ್ದಾಳೆ, ಕಾಲೇಜಿಗೆ ಹೋಗುವ ಮಗಳು ನಿಖಿತಾ ಆರ್ಡರು ಬರೆದುಕೊಳ್ಳುತ್ತಿದ್ದಾಳೆ! ಹಿಂದಿನ ದಿನವಷ್ಟೇ ಅರ್ಧ ಮಾಣಿಗಳು ಹೇಳದೆ ಕೇಳದೆ ಬೇರೆ ಹೋಟೆಲು ಸೇರಿದ್ದರಂತೆ. ನನ್ನ ಹೆಂಡತಿ ಸೆರಗು ಸಿಕ್ಕಿಸಿ ಅಡುಗೆಮನೆ ಹೊಕ್ಕಳು. ನಾನು ಹಲ್ವ ಹಿಡಿದು ನಿಂತೇ ಇದ್ದೆ.

"ಭಾವ, ಬಾಗಿಲಲ್ಲಿ ನಿಂತು ಜನ ಕೂರಿಸಿ. ಒಂದು ಕುರ್ಚಿಯೂ ಖಾಲಿ ಇರಬಾರದು. ಈ ರಜೆಯ ವ್ಯಾಪಾರ ಕೈಕೊಟ್ಟರೆ ಹೋಟೆಲು ಮುಚ್ಚುವುದೇ ಮಾರಾಯ್ರೇ" ಎಂದ ರಾಘವ.

ನಮ್ಮ ಹೋಟೆಲುಗಳಲ್ಲಿ ಅಪರಿಚಿತರು ಒಂದೇ ಮೇಜು ಹಂಚಿಕೊಳ್ಳುವುದು ಹಳೆಯ ರೂಢಿ. ಪರೀಕ್ಷಾ ಕೊಠಡಿಗಳನ್ನು ಆಳಿದ ನಾನು ಅದನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದೆ. ಯಾವ ಕುರ್ಚಿ ತೆರವಾಯಿತೋ ಅದಕ್ಕೆ ಸಾಲಿನಲ್ಲಿ ಮುಂದಿದ್ದವರು. ಗಂಡ ಕಿಟಕಿಯ ಬಳಿ, ಹೆಂಡತಿ ಕೈತೊಳೆಯುವಲ್ಲಿ, ಅತ್ತೆ ಕಲ್ಯಾಣದಿಂದ ಬಂದ ಕಾಲೇಜು ಹುಡುಗರ ನಡುವೆ. ನನ್ನ ಸ್ವರಕ್ಕೆ ಯಾರೂ ಎದುರಾಡಲಿಲ್ಲ. ಕುರ್ಚಿಯೊಂದೂ ಖಾಲಿಯಿಲ್ಲ, ಸಾಲು ಕರಗುತ್ತಿದೆ. ನನಗೆ ಹೆಮ್ಮೆಯೋ ಹೆಮ್ಮೆ.

ಅಷ್ಟರಲ್ಲಿ ಗೃಹಸ್ಥರೊಬ್ಬರು ಎದ್ದು, "ಅಹೋ ಕಾಕಾ, ಮಾಝೀ ಬಾಯ್ಕೋ ಕುಠೆ ಬಸವಲೀತ?" ಎಂದು ಗುಡುಗಿದರು. ಅವರ ಹೆಂಡತಿಯನ್ನು ಕೂರಿಸಿದ ಸಾಲನ್ನೂ ಮೇಜನ್ನೂ ನಾನು ನಿಖರವಾಗಿ ತಿಳಿಸಿದೆ. ಅವರಿಗೆ ಅದರಿಂದ ಸಮಾಧಾನವಾಗಲಿಲ್ಲ. ನಿಖಿತಾ ಓಡಿಬಂದಳು: "ಮಾವ, ಯೇ ಕ್ಯಾ ಕಿಯಾ! ದೋಸೆ ತಿಂದೋರು ಒಂದು ಟೇಬಲ್, ಬಿಲ್ ಕೊಡೋರು ಇನ್ನೊಂದು ಟೇಬಲ್. ದುಡ್ಡಿಗೆ ಕಿಸ್‌ಕೋ ಪಕಡೂಂ ಮೈ? ಎಗ್ಜಾಮ್ ಹಾಲ್ ಹೈ ಕ್ಯಾ?"

ರಾಘವ ಹೊರಬಂದು ಒಮ್ಮೆ ನೋಡಿದ. "ಸಬ್ ಲೋಗ್ ಅಪ್‌ನೀ ಫ್ಯಾಮಿಲಿ ಕೆ ಸಾಥ್ ಬೈಠೋ!" ಎಂದು ಕೂಗಿದ. ತಂತಮ್ಮ ಮನೆಯವರ ಜೊತೆ ಕೂರಿ ಎಂದದ್ದೇ ತಡ, ಇಡೀ ಹೋಟೆಲು ತಟ್ಟೆ ಹಿಡಿದು ಏಕಕಾಲಕ್ಕೆ ಎದ್ದುನಿಂತಿತು! ಸಾಂಬಾರಿನ ಬಟ್ಟಲುಗಳು ತಲೆಗಳ ಮೇಲೆ ಸಂಚರಿಸಿದವು. ಕೆಲವರಿಗೆ ತಮ್ಮವರು ಬಾಗಿಲಾಚೆ ಸಿಕ್ಕರು, ಅಂಥವರು ಬಿಲ್ ಕೊಡಲು ಮರಳಲಿಲ್ಲ.

"ಶಾಲೆಯಲ್ಲಿ ಮಕ್ಕಳನ್ನು ಹೆದರಿಸಿದ್ದು ಸಾಕಾಗ್ಲಿಲ್ವಾ ನಿಮಗೆ? ಎಲ್ಲಾದರೂ ಸುಮ್ಮನೆ ಕೂತ್ಕೊಳ್ಳಿ" ಎಂದಳು ಹೆಂಡತಿ. ಕೂರಲು ಕುರ್ಚಿ ಇರಲಿಲ್ಲ.

ಉಳಿದ ರಜೆಯಲ್ಲಿ ವ್ಯಾಪಾರ ಕುದುರಿ ಹೋಟೆಲು ಉಳಿಯಿತು. ಅದರಲ್ಲಿ ನನ್ನ ಪಾತ್ರವೇನೂ ಇಲ್ಲ. ರಾಘವ ಒಂದು ಮಾತೂ ಬೈಯಲಿಲ್ಲ, ಅದೇ ನನ್ನನ್ನು ಕೊರೆಯಿತು. ಇನ್ನೊಮ್ಮೆ ಕರೆಯುತ್ತಾನೋ ಇಲ್ಲವೋ ಎಂದು ವರ್ಷವಿಡೀ ಕಳವಳಪಟ್ಟೆ. ಕೊನೆಗೂ ಫೋನು ಬಂತು. "ಅಕ್ಕ ನಾಳೆ ಬೆಳಿಗ್ಗೆಯೇ ಬರಲಿ. ನೀವು ಸಹ ಬರಲೇಬೇಕು ಭಾವ, ನೀವಿಲ್ಲದೆ ಎಂತ ಹಬ್ಬ?" ನಾನಾಗಲೇ ಹಲ್ವದ ಡಬ್ಬಿ ಹುಡುಕತೊಡಗಿದೆ. "ಆದರೆ ನೀವು ಶಟರ್ ಎಳೆದ ಮೇಲೆ ಬಂದರೆ ಸಾಕು" ಎಂದ. ಎಷ್ಟು ಗಂಟೆಗೆ ಎಳೆಯುತ್ತೀ ಎಂದು ಕೇಳಿಕೊಂಡು ಒಪ್ಪಿದೆ. ವಿಷಯ ಇತ್ಯರ್ಥವಾದದ್ದು ೨೦೨೪ನೆಯ ಇಸವಿ ಡಿಸೆಂಬರ್ ೨೪ರಂದು.